ಕೀಟ ಕೊಲ್ಲುವ ದುಂಡುಹುಳುಗಳು: ಜೀವರಾಸಾಯನಿಕ ಅಧ್ಯಯನದ ಬೆಳವಣಿಗೆ

ಜೈವಿಕ ಕೀಟ ನಿಯಂತ್ರಣದಲ್ಲಿ ಬಳಕೆಯಾಗುವ ದುಂಡುಹುಳುಗಳು ಮುಖ್ಯವಾಗಿ ಸ್ಟೈನರ್‌ನೀಮಾ ಮತ್ತು ಹೆಟೆರೊರಾಬ್ಡೈಟಿಸ್ ಎಂಬ ಎರಡು ಕುಲಗಳಿಗೆ ಸೇರಿವೆ. ಇವುಗಳ ಸೋಂಕುಕಾರಿ ಮರಿಗಳು ಮಣ್ಣಿನಲ್ಲಿ ಕೀಟದೊಳಗೆ ಹೊಕ್ಕು, ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಅದನ್ನು ಕೊಲ್ಲುತ್ತವೆ. ಆಕಾರದಲ್ಲಿ ತೀರ ಹತ್ತಿರವಿದ್ದರೂ ಇವುಗಳ ದೇಹದ ರಸಾಯನ ಒಂದೇ ಅಲ್ಲ.

ಆರಂಭದ ಅಧ್ಯಯನಗಳು ಆಕಾರವನ್ನೇ ನೆಚ್ಚಿದ್ದವು. 1923ರಲ್ಲಿ ವಿಜ್ಞಾನಿ ಸ್ಟೈನರ್ ಈ ಗುಂಪಿನ ಮೊದಲ ಪ್ರಭೇದವನ್ನು ವರ್ಣಿಸಿದರು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜಪಾನಿ ದುಂಬಿಯ ಮರಿಗಳಲ್ಲಿ ಇನ್ನೊಂದು ಪ್ರಭೇದ ಸಿಕ್ಕಿತು. ವಿಜ್ಞಾನಿ ಗ್ಲೇಸರ್ ಅದನ್ನು ಕೃತಕ ಆಹಾರದಲ್ಲಿ ಬೆಳೆಸಿ ಹೊಲಗಳಲ್ಲಿ ಪ್ರಯೋಗಿಸಿದರು. ಹುಳುವಿನ ಜೊತೆ ಬ್ಯಾಕ್ಟೀರಿಯವೂ ಇದೆ ಎಂಬುದು ಆಗ ತಿಳಿದಿರಲಿಲ್ಲ.

1960ರ ದಶಕದಲ್ಲಿ ಸಂಶೋಧಕರಾದ ಪಾಯ್ನರ್ ಮತ್ತು ಥಾಮಸ್ ಈ ಸಹಜೀವಿ ಬ್ಯಾಕ್ಟೀರಿಯವನ್ನು ವರ್ಣಿಸಿದ ಮೇಲೆ ನೋಟ ರಸಾಯನದತ್ತ ಹೊರಳಿತು. 1976ರಲ್ಲಿ ಹೆಟೆರೊರಾಬ್ಡೈಟಿಸ್, 1979ರಲ್ಲಿ ಬ್ಯಾಕ್ಟೀರಿಯದ ಕುಲವಾಗಿ ಝೆನೊರಾಬ್ಡಸ್ ಹೆಸರು ಪಡೆದವು. 1993ರಲ್ಲಿ ಹೆಟೆರೊರಾಬ್ಡೈಟಿಸ್‌ನ ಸಂಗಾತಿಯನ್ನು ಫೋಟೊರಾಬ್ಡಸ್ ಎಂಬ ಬೇರೆ ಕುಲವಾಗಿ ವಿಂಗಡಿಸಲಾಯಿತು. ಈ ವಿಂಗಡಣೆಗೆ ಜೀವರಾಸಾಯನಿಕ ಗುಣಗಳೂ ನೆರವಾದವು: ಫೋಟೊರಾಬ್ಡಸ್ ಬೆಳಕು ಸೂಸುತ್ತದೆ, ಕೆಟಲೇಸ್ ಕಿಣ್ವವನ್ನು ಹೊಂದಿದೆ, ಝೆನೊರಾಬ್ಡಸ್‌ನಲ್ಲಿ ಇವೆರಡೂ ಇಲ್ಲ. ಹೆಟೆರೊರಾಬ್ಡೈಟಿಸ್ ಕೊಂದ ಕೀಟ ಕೆಂಪಗೆ ಅಥವಾ ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಫೋಟೊರಾಬ್ಡಸ್‌ನ ಆಂತ್ರಾಕ್ವಿನೋನ್ ವರ್ಣದ್ರವ್ಯಗಳಿಂದ.

ಕೊಲ್ಲುವ ವಿಧಾನಗಳೂ ಕ್ರಮೇಣ ಬೆಳಕಿಗೆ ಬಂದವು. ಝೆನೊರಾಬ್ಡಸ್ ಫಾಸ್ಫೊಲಿಪೇಸ್ ಎ2 ಕಿಣ್ವವನ್ನು ತಡೆದು ಕೀಟದ ರೋಗನಿರೋಧ ಶಕ್ತಿಯನ್ನು ಕುಗ್ಗಿಸುತ್ತದೆ. ಫೋಟೊರಾಬ್ಡಸ್‌ನ ಸ್ಟಿಲ್ಬೀನ್ ಸಂಯುಕ್ತ ಫೀನಾಲಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ; ಅದೇ ಬ್ಯಾಕ್ಟೀರಿಯದ ಟಿಸಿ ಎಂಬ ವಿಷಪ್ರೋಟೀನುಗಳು ಕೀಟದ ಕರುಳನ್ನು ಹಾಳುಗೆಡಹುತ್ತವೆ. ಹುಳು ಕೇವಲ ವಾಹಕ ಎಂಬ ಹಳೆಯ ನಂಬಿಕೆಯೂ ಸಡಿಲವಾಗಿದೆ: ಸ್ಟೈನರ್‌ನೀಮಾ ಕಾರ್ಪೊಕ್ಯಾಪ್ಸೆ ತಾನೇ ಪ್ರೋಟಿಯೇಸ್ ಮುಂತಾದ ವಿಷಕಾರಿ ಪ್ರೋಟೀನುಗಳನ್ನು ಸ್ರವಿಸುತ್ತದೆ.

1980ರ ದಶಕದಲ್ಲಿ ಐಸೊಎಂಜೈಮ್‌ಗಳ (ಒಂದೇ ಕಿಣ್ವದ ಭಿನ್ನ ರೂಪಗಳ) ಎಲೆಕ್ಟ್ರೊಫೊರೆಸಿಸ್ ಪ್ರಭೇದಗಳನ್ನು ಗುರುತಿಸುವ ಸಾಧನವಾಯಿತು. ಮುಂದಿನ ದಶಕದಲ್ಲಿ ಅದರ ಜಾಗಕ್ಕೆ ಡಿಎನ್ಎ ಪರೀಕ್ಷೆಗಳು ಬಂದವು. 2013ರಲ್ಲಿ ಹೆಟೆರೊರಾಬ್ಡೈಟಿಸ್ ಬ್ಯಾಕ್ಟೀರಿಯೊಫೊರದ, 2015ರಲ್ಲಿ ಐದು ಸ್ಟೈನರ್‌ನೀಮಾ ಪ್ರಭೇದಗಳ ಜೀನೋಮ್‌ಗಳು ಪ್ರಕಟವಾದವು.

ಇನ್ನೊಂದು ಧಾರೆ ಶಕ್ತಿಸಂಗ್ರಹದ್ದು. ಸೋಂಕುಕಾರಿ ಮರಿ ಏನನ್ನೂ ತಿನ್ನುವುದಿಲ್ಲ. ಕೂಡಿಟ್ಟ ಕೊಬ್ಬೇ ಅದರ ಮುಖ್ಯ ಇಂಧನ, ಗ್ಲೈಕೊಜೆನ್ ಅದಕ್ಕೆ ಪೂರಕ. ಈ ದಾಸ್ತಾನಿನ ಪ್ರಮಾಣವೂ ಅದು ಕರಗುವ ವೇಗವೂ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕಾರ್ಪೊಕ್ಯಾಪ್ಸೆ ಮಣ್ಣಿನ ಮೇಲ್ಪದರದಲ್ಲಿ ಹೆಚ್ಚು ಚಲಿಸದೆ ಬೇಟೆಗೆ ಕಾಯುತ್ತದೆ. ಹೆಟೆರೊರಾಬ್ಡೈಟಿಸ್ ಮಣ್ಣಿನಾಳದಲ್ಲಿ ಅರಸುತ್ತ ಸಾಗುವುದರಿಂದ ಹೆಚ್ಚು ಶಕ್ತಿ ವ್ಯಯಿಸುತ್ತದೆ. ನಿಧಾನವಾಗಿ ಒಣಗಿಸಿದಾಗ ಮರಿಗಳಲ್ಲಿ ಟ್ರೆಹಲೋಸ್ ಸಕ್ಕರೆ ಹೆಚ್ಚಿ ಜೀವಕೋಶದ ಪೊರೆಗಳನ್ನು ಕಾಯುತ್ತದೆ. ಒಣ ರೂಪದ ಉತ್ಪನ್ನಗಳ ಬಾಳಿಕೆಗೆ ಈ ತಿಳಿವಳಿಕೆ ಮುಖ್ಯ.

ಭಾರತದಲ್ಲಿ ಕೊಯಮತ್ತೂರಿನಿಂದ 1992ರಲ್ಲಿ ವರ್ಣಿತವಾದ ಹೆಟೆರೊರಾಬ್ಡೈಟಿಸ್ ಇಂಡಿಕಾ ಬಿಸಿ ಹವೆಗೆ ಹೊಂದಿಕೊಂಡ ಪ್ರಭೇದ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆ ಇದನ್ನು ನೀರಿನಲ್ಲಿ ಕದಡಿ ಬಳಸುವ ಪುಡಿಯ ರೂಪಕ್ಕೆ ತಂದಿದೆ. ಅಡಿಕೆಯ ಬೇರುಹುಳು, ಕಬ್ಬಿನ ಗೊಣ್ಣೆಹುಳುಗಳಂತಹ ಮಣ್ಣಿನಾಳದ ಕೀಟಗಳಿಗೆ ಇಂತಹ ಅರಸುವ ಪ್ರಭೇದಗಳೂ, ಮಣ್ಣಿನ ಮೇಲ್ಮೈಯಲ್ಲಿ ಓಡಾಡುವ ಕೀಟಗಳಿಗೆ ಕಾರ್ಪೊಕ್ಯಾಪ್ಸೆಯೂ ಹೆಚ್ಚು ಸೂಕ್ತ.