ಸಾಧನೆಯ ದಾರಿಗಳು: ಪಾಜಕದಿಂದ ಮಣಿಪಾಲದವರೆಗೆ

ಉಡುಪಿ ಕಡೆ ‘ಸಾಧನೆ’ ಎಂಬ ಶಬ್ದಕ್ಕೆ ಈಗ ಎರಡು ಬಾಳು. ಮಠದ ಜಗಲಿಯಲ್ಲಿ ಅದು ಜಪ, ಪಾರಾಯಣ, ಏಕಾದಶಿಯ ಉಪವಾಸ. ಪೇಟೆಯ ಫ್ಲೆಕ್ಸಿನಲ್ಲಿ ಅದು ರ‍್ಯಾಂಕು, ಬಡ್ತಿ, ಸನ್ಮಾನದ ಶಾಲು. ಒಂದೇ ಶಬ್ದ ಇಷ್ಟು ದೂರ ನಡೆದ ಬಗೆಯನ್ನು ಹಿಂಬಾಲಿಸಿದರೆ, ತುಂಬಿದ ಬಾಳು ಎಂದರೇನು ಎಂದು ಈ ಕರಾವಳಿ ಏಳೆಂಟು ಶತಮಾನ ಯೋಚಿಸಿದ್ದು ಕಣ್ಣಿಗೆ ಬೀಳುತ್ತದೆ. ಇಲ್ಲಿ ಸಾಧನೆಯಲ್ಲಿ ಪರರಿಗೂ ಒಂದು ಪಾಲು ಇದ್ದಾಗಲೆಲ್ಲ ಅದು ಗಟ್ಟಿಯಾಗಿತ್ತು ಎಂಬುದು ನನ್ನ ನಂಬಿಕೆ.

ಹದಿಮೂರನೆಯ ಶತಮಾನದಲ್ಲಿ ಉಡುಪಿಗೆ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಿಂದ ತೊಡಗೋಣ. ಒಂದು ಜೀವ ಇನ್ನೊಂದರಂತಿಲ್ಲ ಎಂಬುದು ಅವರ ತತ್ತ್ವವಾದದ ಬುನಾದಿ. ಮೋಕ್ಷವೆಂದರೆ ಯಾವುದರಲ್ಲೋ ಕರಗಿಹೋಗುವುದಲ್ಲ. ಜೀವದ ಸ್ವರೂಪದಲ್ಲೇ ಇರುವ ಆನಂದದ ಮೇಲಿನ ಮುಸುಕು ಭಗವಂತನ ಪ್ರಸಾದದಿಂದ ಸರಿದು, ಅದು ಪ್ರಕಟವಾಗುವುದು. ಹಾಗಾಗಿ ಬೆಳೆಯುವುದೆಂದರೆ ಬೇರೆಯವರಂತಾಗುವುದಲ್ಲ, ತನ್ನ ಯೋಗ್ಯತೆ ಅರಳುವುದು. ಮನಸ್ಸಿಗೆ ಎಷ್ಟು ನೆಮ್ಮದಿ ಕೊಡುವ ಮಾತು! ಆದರೆ ಜೀವಗಳಲ್ಲಿ ಮೇಲುಕೆಳಗಿನ ಶ್ರೇಣಿಯಿದೆ ಎಂಬ ಅವರ ತಾರತಮ್ಯದ ವಿಚಾರ ಊಟದ ಪಂಕ್ತಿಗೆ ಇಳಿದಾಗ ನೋವನ್ನೂ ತಂದಿತು. ಉಡುಪಿ ಕೃಷ್ಣಮಠದ ಗೋಡೆಯಲ್ಲಿರುವ ಕನಕನ ಕಿಂಡಿಯ ಕತೆಯನ್ನು ಭಕ್ತಿಯ ಮಹಿಮೆಯೆಂದು ಮಾತ್ರ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬ ಸಾಧಕನನ್ನು ಹೊರಗೆ ನಿಲ್ಲಿಸಿದ ನೆನಪೂ ಅದರಲ್ಲಿದೆ. ರಾಗಿ ಮತ್ತು ಭತ್ತದ ಜಗಳವನ್ನು ‘ರಾಮಧಾನ್ಯಚರಿತೆ’ಯಾಗಿ ಬರೆದು ರಾಗಿಯನ್ನು ಗೆಲ್ಲಿಸಿದವರು ಅದೇ ಕನಕದಾಸರು. ಕುಚ್ಚಲಕ್ಕಿಯ ಈ ನಾಡು ಆ ಕೃತಿಯನ್ನು ಇನ್ನಷ್ಟು ಓದಬೇಕು.

ಉಡುಪಿಯ ಕೃಷ್ಣನ ಪೂಜೆಗೆ ಇರುವ ಅಷ್ಟಮಠಗಳ ವ್ಯವಸ್ಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪರ್ಯಾಯ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಎರಡು ವರ್ಷಕ್ಕೆ ಹೆಚ್ಚಿಸಿದರು. ಸರದಿ ಬರುವ ಮಠ ಬಹು ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳನ್ನು ಮಾಡುತ್ತದೆ. ಎಲ್ಲವೂ ಊಟದ ತಯಾರಿಯೇ. ಸರ್ವಸ್ವವನ್ನೂ ಬಿಟ್ಟ ಯತಿ ಬಾಳೆ ನೆಡಿಸಬೇಕು, ಸೌದೆ ಪೇರಿಸಬೇಕು, ಎರಡು ವರ್ಷ ಬಂದವರಿಗೆಲ್ಲ ಅನ್ನ ನೀಡಬೇಕು. ಅವಧಿ ಮುಗಿದ ದಿನ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಮುಂದಿನವರ ಕೈಗಿಟ್ಟು ಹೊರಡಬೇಕು. ಅಧಿಕಾರವೆಂದರೆ ಬಡಿಸುವ ಸಟ್ಟುಗ, ಅದೂ ಎರಡೇ ವರ್ಷಕ್ಕೆ! ವೈರಾಗ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನಾನು ಬೇರೆಲ್ಲೂ ಕಂಡಿಲ್ಲ.

ಕಾರ್ಕಳದ ಉತ್ತರವೇ ಬೇರೆ. 1432ರಲ್ಲಿ ವೀರಪಾಂಡ್ಯ ಭೈರರಸ ಬಂಡೆಯ ಮೇಲೆ ನಿಲ್ಲಿಸಿದ 42 ಅಡಿಯ ಗೊಮ್ಮಟ, ಅಂದರೆ ಬಾಹುಬಲಿ, ಗೆದ್ದು ಬಿಟ್ಟುಕೊಟ್ಟವನು. ಅಣ್ಣ ಭರತನನ್ನು ಸೋಲಿಸಿಯೂ ರಾಜ್ಯ ಬೇಡವೆಂದು ತಪಸ್ಸಿಗೆ ನಿಂತ ಬಾಹುಬಲಿಗೆ ಕೇವಲಜ್ಞಾನ ಬೇಗ ಒದಗಲಿಲ್ಲ. ತಾನು ನಿಂತದ್ದು ಅಣ್ಣನ ನೆಲದ ಮೇಲೆ ಎಂಬ ಕೊರಗು ಒಳಗೆ ಉಳಿದಿತ್ತು ಎನ್ನುತ್ತದೆ ಜೈನ ಪರಂಪರೆ. ಭರತನೇ ಬಂದು ತಲೆಬಾಗಿದ ಮೇಲೆ ಆ ಗಂಟು ಬಿಚ್ಚಿತು. ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ಒಬ್ಬನೇ ನಿಂತವನಿಗೂ ಕೊನೆಗೆ ಅಣ್ಣ ಬರಬೇಕಾಯಿತು. ಒಂದು ಶತಮಾನದ ತರುವಾಯ ಇದೇ ಭೈರರಸರ ಆಸ್ಥಾನದ ಆಸರೆ ಕಂಡ ರತ್ನಾಕರವರ್ಣಿ ಕತೆಯನ್ನು ಮಗುಚಿ ಹಾಕಿದ. ಸಾಂಗತ್ಯದಲ್ಲಿ ಬರೆದ ‘ಭರತೇಶ ವೈಭವ’ದಲ್ಲಿ ಅವನು ಆರಿಸಿಕೊಂಡ ನಾಯಕ ಬಿಟ್ಟುಹೋದ ತಮ್ಮನಲ್ಲ, ಅರಮನೆಯಲ್ಲೇ ಉಳಿದ ಅಣ್ಣ. ಹೆಂಡಿರು, ಸಂಗೀತ, ಭೋಜನ, ರಾಜ್ಯಭಾರ ಎಲ್ಲದರ ನಡುವೆ ಆತ್ಮಧ್ಯಾನ ತಪ್ಪದ ಭೋಗಯೋಗಿ. ಸಂಸಾರದಲ್ಲಿದ್ದೇ ಒಳಗನ್ನು ಬೆಳೆಸಿಕೊಳ್ಳಬಹುದೇ ಎಂದು ಇವತ್ತು ಕೇಳುವವರಿಗೆ ಕಾರ್ಕಳ ಹದಿನಾರನೆಯ ಶತಮಾನದಲ್ಲೇ ಹೌದೆಂದಿದೆ. ದಾರಿ ಒಂದೇ ಅಲ್ಲ ಎಂಬಂತೆ, ಅದೇ ಪೇಟೆಯ ಚತುರ್ಮುಖ ಬಸದಿಗೆ (1586) ನಾಲ್ಕು ದಿಕ್ಕಿಗೂ ಬಾಗಿಲು.

ಮಠ, ಬಸದಿಗಳ ಹೊರಗಿನ ಜನಕ್ಕೆ ಸಾಧನೆ ಎಂಬ ಶಬ್ದವೇ ಬೇಕಿರಲಿಲ್ಲ. ಅವರಲ್ಲಿ ಇದ್ದದ್ದು ಹರಕೆ, ನೇಮ, ಕೋಲ. ಕೋಲದಲ್ಲಿ ಭೂತದ ನುಡಿಗೆ ಊರೇ ಕಿವಿಗೊಡುತ್ತದೆ. ಮುರಿದ ಸಂಬಂಧ, ಜಾಗದ ತಕರಾರು, ಮನೆಯೊಳಗಿನ ಅಳಲು ಎಲ್ಲವೂ ಅಲ್ಲಿ ಬಾಯಿಬಿಡುತ್ತವೆ. ಕಾಪುವಿನ ಮಾರಿಗುಡಿಯಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ, ತುಳು ತಿಂಗಳುಗಳ ಹೆಸರಿನಲ್ಲಿ: ಸುಗ್ಗಿ, ಆಟಿ, ಜಾರ್ದೆ. ಬೇಸಾಯ, ಮಳೆ, ರೋಗಗಳ ಹಂಗಿನಲ್ಲಿ ಬಾಳಿದವರು ಒಂಟಿಯಾಗಿ ಹೆದರದೆ ಒಟ್ಟಾಗಿ ಹೆದರಿ, ಒಟ್ಟಾಗಿ ಹಗುರಾದರು. 1759ರಲ್ಲಿ ನೆಲೆಗೊಂಡ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೂ ಎಲ್ಲ ಧರ್ಮದವರ ಹರಕೆ ಸಲ್ಲುತ್ತದೆ. 2016ರಲ್ಲಿ ಅದು ಬಸಿಲಿಕಾ ಆಯಿತು. ಜನವರಿಯ ಹಬ್ಬಕ್ಕೆ ಬರುವವರು ಜಾತಿ ಕೇಳಿ ಮೊಂಬತ್ತಿ ಹಚ್ಚುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಸಾಧನೆ ಬೀದಿಗೆ ಇಳಿಯಿತು. ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದರು. 1928ರಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಇದನ್ನು ಅಧ್ಯಾತ್ಮದ ಚರಿತ್ರೆಯಲ್ಲಿ ಸೇರಿಸುವುದಕ್ಕೆ ನನಗೆ ಸಂಕೋಚವಿಲ್ಲ. ನಾಳೆ ಎಂಬುದೊಂದಿದೆ, ಅದು ನನ್ನದೂ ಹೌದು ಎಂಬ ನಂಬಿಕೆ ಬೀಡಿ ಕಟ್ಟುವವರ, ಮೀನು ಮಾರುವವರ ಮನೆಗೆ ಆ ಎರಡಾಣೆಯ ಜೊತೆ ಬಂತು. ಅದೇ ಪೈಗಳು 1953ರಲ್ಲಿ ಬೋಳುಗುಡ್ಡದಂತಿದ್ದ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು.

ಕೋಟದ ಶಿವರಾಮ ಕಾರಂತರದು ದೇವರ ಹಂಗಿಲ್ಲದ ದಾರಿ. ಸತ್ತ ಗೆಳೆಯನ ಬದುಕಿನ ಲೆಕ್ಕವನ್ನು ಹುಡುಕುತ್ತ ಹೋಗುವ ‘ಅಳಿದ ಮೇಲೆ’ ಕಾದಂಬರಿಯಲ್ಲಿ ಅವರು ಎತ್ತುವ ಪ್ರಶ್ನೆ ನೇರವಾದದ್ದು: ಈ ಲೋಕದಿಂದ ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು? ಋಣದ ಈ ಲೆಕ್ಕ ಮಠದ ಅನ್ನದಾನಕ್ಕೆ ದೂರದ್ದಲ್ಲ ಎಂದು ನನಗೆ ಅನಿಸುತ್ತದೆ, ಕಾರಂತರು ಒಪ್ಪಲಿ ಬಿಡಲಿ.

ಬಳಿಕ ಬಂದದ್ದು ವ್ಯಕ್ತಿತ್ವ ವಿಕಸನದ ಕಾಲ. ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಮಂಡಿಸಿದ ಅಗತ್ಯಗಳ ಶ್ರೇಣಿಯ ಚಿತ್ರ ನಮ್ಮ ಕಾಲೇಜುಗಳ ಬೋರ್ಡಿಗೂ ಬಂತು. ತುದಿಯಲ್ಲಿ ‘ತನ್ನನ್ನು ತಾನು ಸಾಕಾರಗೊಳಿಸಿಕೊಳ್ಳುವುದು’ ಎಂದಿರುತ್ತದೆ. ತನ್ನನ್ನು ಮೀರುವುದರ ಬಗ್ಗೆ ಮಾಸ್ಲೊ ಕೊನೆಕೊನೆಗೆ ಬರೆದದ್ದನ್ನು ಹೇಳುವವರು ಕಡಿಮೆ. ನಾನು ಕುಳಿತ ಒಂದು ಶಿಬಿರದಲ್ಲಿ ಇಡೀ ದಿನ ಗುರಿ, ಗೆಲುವು, ಆತ್ಮವಿಶ್ವಾಸ ಎಂಬ ಮಾತುಗಳೇ. ಸಂಜೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ರಾತ್ರಿ ನಿದ್ದೆ ಬರುವುದಿಲ್ಲ ಸಾರ್, ಏನು ಮಾಡಲಿ ಎಂದಳು. ಪಾಸಿಟಿವ್ ಆಗಿ ಯೋಚಿಸಮ್ಮ ಎಂಬ ಉತ್ತರ ಕೇಳಿ ಅವಳು ಕುಳಿತುಬಿಟ್ಟಳು. ಆ ಮುಖ ನನಗೆ ಮರೆತಿಲ್ಲ.

ಅವಳಂಥವರಿಗೆ ಈಗ ಬೇರೆ ಬಾಗಿಲೂ ಇದೆ. ಮಣಿಪಾಲದ ಮನೋವೈದ್ಯ ವಿಭಾಗ, ಉಡುಪಿ ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆಯ ಮದ್ಯವ್ಯಸನ ಚಿಕಿತ್ಸೆ, 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416. ಖಿನ್ನತೆ ಸಾಧನೆಯ ಕೊರತೆಯಲ್ಲ, ಕಾಯಿಲೆ ಎಂಬ ತಿಳಿವಳಿಕೆ ನಮ್ಮಲ್ಲಿಗೆ ಬಂದದ್ದು ತಡವಾಗಿ. ಧ್ಯಾನ, ಪ್ರಾಣಾಯಾಮಗಳಿಂದ ಉಪಕಾರವಿದೆ. ಆದರೆ ಮಾತ್ರೆ ಬಿಡಿಸಿ ಪ್ರಾಣಾಯಾಮಕ್ಕೆ ಕೂರಿಸುವುದು ಅಪಾಯ.

ಹಳೆಯದೂ ನಿಂತಿಲ್ಲ. ಅಷ್ಟಮಠಗಳಲ್ಲೊಂದಾದ ಪುತ್ತಿಗೆ ಮಠದ ಕೋಟಿ ಗೀತಾ ಲೇಖನ ಯಜ್ಞ ಗೀತೆಯನ್ನು ಕೈಯಲ್ಲೇ ಬರೆಯಲು ದೇಶವಿದೇಶಗಳ ಜನರನ್ನು ಕರೆಯಿತು. ಕಾಪುವಿನಿಂದ ಉಚ್ಚಿಲದವರೆಗೆ ಕಡಲ ಬದಿಯ ಭಜನಾ ಮಂದಿರಗಳಲ್ಲಿ ದೀಪವೂ ಆರಿಲ್ಲ. ದೋಣಿ ಮೇಲಕ್ಕೆಳೆದು, ಮಿಂದು ಬಂದವರು ಚಾಪೆಯ ಮೇಲೆ ಕೂರುತ್ತಾರೆ. ಹಾಡುವ ಸರದಿ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಕಂಠವಿಲ್ಲದ ಮುದುಕರೊಬ್ಬರು ಶ್ರುತಿ ತಪ್ಪಿದರೂ ತಾಳ ಹಿಡಿದ ಹುಡುಗರು ನಿಲ್ಲಿಸುವುದಿಲ್ಲ. ಅವರು ಪದ ಮುಗಿಸುವ ತನಕ ಜೊತೆಗೇ ಹೋಗುತ್ತಾರೆ.