ಪದ ಪರಿಚಯ: ಪುಟ

ಸಂಸ್ಕೃತದಲ್ಲಿ 'ಪುಟ'ವೆಂದರೆ ಮಡಿಕೆ, ದೊನ್ನೆ, ಒಳಗೆ ಟೊಳ್ಳಾದ ಆಕಾರ. ಅಂಜಲಿಪುಟ, ಕರ್ಣಪುಟ, ನಾಸಾಪುಟಗಳಲ್ಲಿ ಆ ಮೂಲಾರ್ಥವು ಇಂದಿಗೂ ಉಳಿದಿದೆ. ಚಿನ್ನವನ್ನು ಪುಟಕ್ಕಿಡುವ ಅಕ್ಕಸಾಲಿಗನ ಮಾತಿನಲ್ಲಿ ಅದು ಬೆಂಕಿಯ ಸಂಸ್ಕಾರವಾಯಿತು. ಕಾಗದವನ್ನು ಮಡಿಚಿ ಹೊಲಿದ ಪುಸ್ತಕದಲ್ಲಿ ಹಾಳೆಯ ಒಂದು ಮಗ್ಗುಲಾಯಿತು.

ಈಗ ಅದೇ ಪದವು ಡೇಟಾಬೇಸಿಗೂ ಸಲ್ಲುತ್ತಿದೆ. ಲಕ್ಷಾಂತರ ಸಾಲುಗಳನ್ನು ಒಮ್ಮೆಲೇ ತೆರೆಯ ಮೇಲೆ ಸುರಿಯದೆ ಇಪ್ಪತ್ತಿಪ್ಪತ್ತಾಗಿ ಬಡಿಸುವ 'ಪೇಜಿನೇಷನ್' ಎಂಬ ಕ್ರಮವನ್ನು ನಾವು 'ಪುಟವಿಂಗಡಣೆ' ಎನ್ನಬಹುದು. ಆದರೆ ಈ ಪುಟವು ಮುದ್ರಿತ ಪುಟದಂತೆ ಸ್ಥಿರವಾದುದಲ್ಲ: 'ಲಿಮಿಟ್ 20 ಆಫ್‌ಸೆಟ್ 10000' ಎಂದು 501ನೆಯ ಪುಟವನ್ನು ಬೇಡಿದರೆ, ಡೇಟಾಬೇಸು ಮೊದಲ 10000 ಸಾಲುಗಳನ್ನು ಎಣಿಸಿ ಬದಿಗೊತ್ತಿ, ತರುವಾಯವಷ್ಟೇ ಬೇಕಾದ 20ನ್ನು ಕೊಡುತ್ತದೆ. ಒಂದು ಪುಟವನ್ನು ನೋಡಿ ಮುಂದಿನದನ್ನು ಬೇಡುವಷ್ಟರಲ್ಲಿ ಮೇಲೊಂದು ಹೊಸ ಸಾಲು ಸೇರಿತೋ, ಹಿಂದಿನ ಪುಟದ ಕಡೆಯ ಸಾಲೇ ಮುಂದಿನ ಪುಟದ ತಲೆಯಲ್ಲಿ ಮರಳಿ ಕಾಣಿಸಿಕೊಳ್ಳುವುದು. ಆದುದರಿಂದ ಬಲ್ಲವರು ಪುಟಸಂಖ್ಯೆಯನ್ನು ಬಿಟ್ಟು, ಕೊನೆಯಲ್ಲಿ ಕಂಡ ಸಾಲಿನ ಕ್ರಮಾಂಕವನ್ನೇ ಗುರುತಾಗಿರಿಸಿಕೊಂಡು, ಇಂಡೆಕ್ಸಿನ ನೆರವಿನಿಂದ 'ಇದರ ಮುಂದಿನ ಇಪ್ಪತ್ತು' ಎಂದು ಕೇಳುವರು.

ಅಚ್ಚಾದ ಪುಸ್ತಕಕ್ಕೆ ಪುಟಸಂಖ್ಯೆಯೇ ಸಾಕು. ದಿನದಿನಕ್ಕೂ ಬೆಳೆಯುವ ದಫ್ತರಕ್ಕೆ, ಓದಿ ನಿಲ್ಲಿಸಿದೆಡೆಯ ಗುರುತೇ ಲೇಸು.