ಪಿರೋಜ: ಕಲ್ಲು, ಬಣ್ಣ, ಮಾತು

ಶಿರಾ ಪೇಟೆಯ ಸೀರೆಯಂಗಡಿಯಲ್ಲಿ ಒಂದೇ ಬಣ್ಣವನ್ನು ಇಬ್ಬರು ಹೆಂಗಸರು ಎರಡು ಹೆಸರಿನಿಂದ ಕೇಳುವುದುಂಟು. ಉರ್ದು ಮನೆಮಾತಿನವರಿಗೆ ಅದು 'ಫಿರೋಜಿ'. ಕನ್ನಡ ಮನೆಯ ಹಿರಿಯರಿಗೆ 'ಮೈಲುತುತ್ತದ ಬಣ್ಣ'. ನೀಲಿಯೂ ಅಲ್ಲದ, ಹಸುರೂ ಅಲ್ಲದ ಈ ಬಣ್ಣಕ್ಕೆ ಎರಡು ಹೆಸರು ಬಂದುದೇಕೆ ಎಂದು ಕೇಳಿಕೊಂಡರೆ ನಮ್ಮ ಸೀಮೆಯ ಚರಿತ್ರೆಯ ಒಂದೆಳೆ ಕೈಗೆ ಸಿಗುತ್ತದೆ.

ಪಿರೋಜ ಎಂಬುದು ಪಾರಸಿ ಮಾತು. ವಿಜಯವೆಂಬ ಅರ್ಥದೊಡನೆ ಹೊಂದಿಕೊಂಡದ್ದು. ಇರಾನಿನ ನಿಶಾಪುರದ ಗಣಿಗಳು ಈ ಕಲ್ಲಿಗೆ ಹೆಸರಾದವು. ತುರ್ಕರ ನಾಡಿನ ಹಾದಿಯಿಂದ ಅದನ್ನು ಪಡೆದ ಯುರೋಪಿನವರು ತುರ್ಕಿಯ ಕಲ್ಲೆಂದೇ ಕರೆದರು. ಟರ್ಕಾಯ್ಸ್ ಎಂಬ ಹೆಸರು ಹುಟ್ಟಿದ್ದು ಹಾಗೆ. ನಮ್ಮ ನವರತ್ನಗಳ ಪಂಕ್ತಿಯಲ್ಲಿ ಇದಕ್ಕೆ ಎಡೆಯಿಲ್ಲ.

ಆದರೂ ಕನ್ನಡ ನಾಡಿನಲ್ಲಿ ಈ ಮಾತು ಒಮ್ಮೆ ಸಿಂಹಾಸನವನ್ನೇ ಏರಿತ್ತು. ಕಲಬುರಗಿಯ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಾ (1358–75) ತೆಲಂಗಾಣದ ಅರಸನಿಂದ ಪಡೆದ ಪೀಠಕ್ಕೆ 'ತಖ್ತ್-ಎ-ಫಿರೋಜಾ' ಎಂದು ಹೆಸರು. ಇತಿಹಾಸಕಾರ ಫರಿಶ್ತಾ ಹೇಳುವಂತೆ ಆ ಹೆಸರು ಬಂದುದು ಕಲ್ಲಿನಿಂದಲ್ಲ, ಪೀಠದ ಮೇಲಿನ ಮೀನಾ ಕೆಲಸದ ಬಣ್ಣದಿಂದ. ಮುಂದಿನ ಸುಲ್ತಾನರು ರತ್ನಗಳನ್ನು ಕೂಡಿಸುತ್ತ ಹೋದರು. ಬಣ್ಣ ಮುಚ್ಚಿಹೋಯಿತು, ಹೆಸರು ಉಳಿಯಿತು. ಕಡೆಗೆ ಆ ಪೀಠವನ್ನೂ ಒಡೆದು ರತ್ನಗಳನ್ನು ಕಿತ್ತರು.

ನಮ್ಮ ಸೀಮೆಗೆ ಬರೋಣ. 1687ರಲ್ಲಿ ಮೊಗಲರ ಕೈಸೇರಿದ ಶಿರಾ ಅವರ ಸುಬೆಯ ಮುಖ್ಯಪಟ್ಟಣವಾಯಿತು. 1757ರಲ್ಲಿ ಮರಾಠರ ವಶವಾಯಿತು. ಆ ಎಪ್ಪತ್ತು ವರ್ಷ ಪಾರಸಿ ಇಲ್ಲಿ ಕಚೇರಿಯ ಭಾಷೆ. ಅದಕ್ಕೆ ಹಿಂದೆಯೂ ಮುಂದೆಯೂ ಬೇರೆ ಆಳ್ವಿಕೆಗಳು ಅದೇ ಭಾಷೆಯ ಮಾತುಗಳನ್ನು ತಂದವು. ಜಮೀನು, ಬಂದೋಬಸ್ತು, ದರಖಾಸ್ತು, ಶಿರಸ್ತೇದಾರ: ಮಧುಗಿರಿಯ ಒಕ್ಕಲಿಗನಿಗೆ ಇವು ಪರಭಾಷೆಯ ಮಾತುಗಳೆಂಬ ನೆನಪೇ ಇಲ್ಲ. ಫಿರೋಜಿ ಮಾತ್ರ ಕನ್ನಡ ಮನೆಯ ಹೊಸ್ತಿಲು ದಾಟಲಿಲ್ಲ. ಕಾರಣ ಸರಳವೆಂದು ನನ್ನ ಎಣಿಕೆ. ಜಮೀನಿಗೆ ದರಖಾಸ್ತು ಕೊಡದೆ ರೈತನಿಗೆ ಗತ್ಯಂತರವಿರಲಿಲ್ಲ. ಬಣ್ಣವನ್ನು ಕಚೇರಿಯಲ್ಲಿ ಬರೆಸಿಕೊಡಬೇಕಾಗಿರಲಿಲ್ಲ.

ಮೇಲಾಗಿ, ಮನೆಯಲ್ಲಿಯೇ ಒಂದು ಮಾತಿತ್ತು. ಮೈಲುತುತ್ತವೆಂದರೆ ಮಯಿಲು, ಅಂದರೆ ನವಿಲು, ಅದರ ಬಣ್ಣದ ತುತ್ತ. ಪಾವಗಡದ ತೆಲುಗು ಮನೆಗಳಿಗೂ ಈ ಮಾತು ಪರಿಚಿತವೇ. ಅಡಕೆಗೆ ಬೋರ್ಡೋ ದ್ರಾವಣ ಕಲಸುವ ಕೊರಟಗೆರೆಯ ರೈತನ ಕೈಗೆ ಇಂದಿಗೂ ಅಂಟುವುದು ಇದೇ ಬಣ್ಣ. ವಿಸ್ಮಯವೆಂದರೆ, ಪಿರೋಜದ ನೀಲಿಗೂ ಮೈಲುತುತ್ತದ ನೀಲಿಗೂ ಮೂಲ ಒಂದೇ: ತಾಮ್ರ. ನಿಶಾಪುರದವನು ಅದರಲ್ಲಿ ಗೆಲುವನ್ನು ಕಂಡ, ನಮ್ಮವನು ನವಿಲನ್ನು ಕಂಡ.

ಮಾತುಗಳನ್ನು ಅರಸರು ತರಬಲ್ಲರು; ಉಳಿಸುವವರು ಮಾತ್ರ ಬಳಸುವ ಜನ. ಇಂದು ಅಂಗಡಿಯ ಹಲಗೆಗಳಲ್ಲಿ ಟರ್ಕಾಯ್ಸ್ ಎಂಬ ಮೂರನೆಯ ಹೆಸರು ಬಂದು ಕುಳಿತಿದೆ. ಅದು ಇರಲಿ, ಬೇಡವೆನ್ನುವುದಿಲ್ಲ. ಆದರೆ ಸೀರೆ ಕೊಳ್ಳಲು ಬಂದ ಅಜ್ಜಿ ಮೈಲುತುತ್ತದ ಬಣ್ಣವೆಂದಾಗ ಮೊಮ್ಮಗಳಿಗೆ ಅರ್ಥವಾಗದೆ ಹೋದರೆ, ತಖ್ತ್-ಎ-ಫಿರೋಜಾದ ಗತಿ ನಮ್ಮ ಮಾತಿಗೂ ಬಂದಂತೆ: ಮೇಲೆ ಹೊಳಪು ಕೂಡುತ್ತ ಹೋಗಿ, ಕೆಳಗಿನ ಬಣ್ಣ ಮರೆಯಾದಂತೆ.